ತೆರೆಯ ಮೇಲಿನ ಭೋಜನ, ತೆರೆಯ ಮುಂದಿನ ಹಸಿವು

ರಾತ್ರಿಯ ಊಟ ಮುಗಿಸಿ, ಪಾತ್ರೆಗಳನ್ನು ತೊಳೆದಿಟ್ಟು, ಅಡುಗೆಮನೆಯ ದೀಪವನ್ನಾರಿಸಿ, ಇನ್ನೆರಡು ಗಂಟೆಯ ಕಾಲ ಒಂದು ಒಳ್ಳೆಯ ಚಲಚ್ಚಿತ್ರವನ್ನು ನೋಡಿ ಮಲಗೋಣವೆಂದು ಕುಳಿತ ಗೃಹಸ್ಥನು, ಚಿತ್ರ ಅರ್ಧಕ್ಕೆ ಬರುವಷ್ಟರಲ್ಲಿಯೇ ಎದ್ದುಹೋಗಿ, ಕತ್ತಲಲ್ಲಿ ಒಂದೊಂದೇ ಡಬ್ಬದ ಮುಚ್ಚಳವನ್ನು ಸದ್ದಾಗದಂತೆ ತೆರೆದು, ಉಳಿದಿದ್ದ ಕೋಡುಬಳೆಗಳನ್ನೂ ತಳದ ಚೂರುಗಳನ್ನೂ ಬಿಡದೆ ಮುಗಿಸಿ, ಅಷ್ಟಕ್ಕೂ ತೃಪ್ತಿಯಾಗದೆ ಮರಳಿ ಬಂದು ಕುಳಿತುಕೊಳ್ಳುವುದು ಈಚೆಗೆ ಬಹು ಮನೆಗಳಲ್ಲಿ ನಡೆಯುವ ಸಂಗತಿ. ಉಂಡು ಒಂದು ಗಂಟೆಯೂ ಆಗಿರುವುದಿಲ್ಲ. ಹೊಟ್ಟೆಯಲ್ಲಿ ಸ್ಥಳವೂ ಇರುವುದಿಲ್ಲ. ಆದರೂ ತೆರೆಯ ಮೇಲೆ ಯಾವುದೋ ದೂರದೇಶದವನೊಬ್ಬನು ಹಬೆಯಾಡುವ ಬೋಗುಣಿಯ ಮೇಲೆ ಮುಖ ಬಗ್ಗಿಸಿದೊಡನೆ ಇತ್ತ ನಮ್ಮ ಬಾಯಲ್ಲಿ ನೀರೂರುತ್ತದೆ.

ಇದನ್ನು ನಾಲಗೆಯ ಚಾಪಲ್ಯವೆಂದು ಹಳಿದುಕೊಳ್ಳಬೇಕಾದುದಿಲ್ಲ. ಇದಕ್ಕೆ ಶರೀರದಲ್ಲಿ ಕಾರಣವುಂಟು; ಚಿತ್ರ ತೆಗೆದವನ ಕೌಶಲದಲ್ಲಿ ಅದಕ್ಕಿಂತ ಹೆಚ್ಚಿನ ಕಾರಣವುಂಟು. ಅವೆರಡನ್ನೂ ಕೊಂಚ ತಿಳಿದುಕೊಂಡರೆ, ಅಂಥ ಚಿತ್ರಗಳನ್ನು ತ್ಯಜಿಸದೆ, ನಡುರಾತ್ರಿಯಲ್ಲಿ ಡಬ್ಬಗಳಿಗೂ ಕೈಹಾಕದೆ, ಸುಖವಾಗಿ ನೋಡಿ ಸುಖವಾಗಿ ಉಣ್ಣುವ ಕ್ರಮವೊಂದನ್ನು ಯಾವ ಮನೆಯವರಾದರೂ ಏರ್ಪಡಿಸಿಕೊಳ್ಳಬಹುದು.

ಹಸಿವು ಹುಟ್ಟುವ ಬಗೆ

ಜೀರ್ಣಕ್ರಿಯೆಯನ್ನು ಕುರಿತ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಷ್ಯಾದ ಇವಾನ್ ಪಾವ್ಲೊವ್, ಆಹಾರವು ಬಾಯನ್ನು ಸೇರುವುದಕ್ಕೆ ಮೊದಲೇ, ಅದು ಬರಲಿದೆಯೆಂಬ ಸೂಚನೆ ಮಾತ್ರದಿಂದಲೇ, ಲಾಲಾರಸವೂ ಜಠರರಸವೂ ಸ್ರವಿಸತೊಡಗುತ್ತವೆಂಬುದನ್ನು ನಾಯಿಗಳಲ್ಲಿ ತೋರಿಸಿಕೊಟ್ಟನು. ಮುಖ್ಯವಾಗಿ ಜಠರದಲ್ಲಿ ಉತ್ಪನ್ನವಾಗಿ ಹಸಿವನ್ನೆಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಭಕ್ಷ್ಯಗಳ ಚಿತ್ರಗಳನ್ನು ನೋಡಿದ ಮಾತ್ರಕ್ಕೇ ರಕ್ತದಲ್ಲಿ ಅದರ ಪ್ರಮಾಣ ಏರುವುದೂ ಪ್ರಯೋಗದಲ್ಲಿ ಕಂಡುಬಂದಿದೆ. ಆದಕಾರಣ ತೆರೆಯನ್ನು ಕಂಡು ಹಸಿದವನ ಹಸಿವನ್ನು ಸುಳ್ಳು ಹಸಿವೆನ್ನುವಂತಿಲ್ಲ. ಶರೀರವು ಊಟಕ್ಕೆ ನಿಜವಾಗಿಯೇ ಅಣಿಯಾಗಿರುತ್ತದೆ. ಬಾರದಿರುವುದು ಊಟ ಮಾತ್ರ.

ಶಾಸ್ತ್ರ ಇಷ್ಟು ಸಾಕು. ಹೋಟೆಲಿನ ಗೋಡೆಗೆ ತೂಗುಹಾಕಿದ ಮಸಾಲೆದೋಸೆಯ ಚಿತ್ರವನ್ನು ನೋಡಿ ಯಾರೂ ಇಷ್ಟೊಂದು ಹಸಿಯುವುದಿಲ್ಲವಷ್ಟೆ. ಹಾಗಾದರೆ ಚಲಚ್ಚಿತ್ರದಲ್ಲಿ ಇರುವ ವಿಶೇಷವೇನು? ಮೊದಲನೆಯದು ಶಬ್ದ. ಕಾದ ಎಣ್ಣೆಗೆ ಬಿದ್ದ ಬೆಳ್ಳುಳ್ಳಿಯ ಚುರುಚುರು, ಮಣೆಯ ಮೇಲೆ ಕತ್ತಿಯ ತಾಳ, ಕಾವಲಿಯ ಮೇಲೆ ಬೆಣ್ಣೆ ನೊರೆಯೇಳುವ ಸಪ್ಪಳ, ಇವನ್ನೆಲ್ಲ ಧ್ವನಿಗ್ರಾಹಕವು ನಮ್ಮ ಅಡುಗೆಮನೆಯಲ್ಲಿ ನಮ್ಮದೇ ಕಿವಿಗೆ ಕೇಳಿಸುವುದಕ್ಕಿಂತ ಹತ್ತಿರದಿಂದ ಕೇಳಿಸಿಬಿಡುತ್ತದೆ. ಎರಡನೆಯದು ವಿಳಂಬ. ಆಂಗ್ ಲೀ ನಿರ್ದೇಶಿಸಿದ, 1994ರ ‘ಈಟ್ ಡ್ರಿಂಕ್ ಮ್ಯಾನ್ ವುಮನ್’ ಚಿತ್ರದ ಆರಂಭವನ್ನು ನೋಡಿರಿ. ತೈಪೆ ನಗರದ ವೃದ್ಧ ಪಾಕಪ್ರವೀಣ ಚೂ ತನ್ನ ಮೂವರು ಹೆಣ್ಣುಮಕ್ಕಳಿಗಾಗಿ ಭಾನುವಾರದ ಊಟವನ್ನು ಸಿದ್ಧಪಡಿಸುತ್ತಿದ್ದಾನೆ. ತೊಟ್ಟಿಯಿಂದ ಮೀನನ್ನು ಹಿಡಿದೆತ್ತಿ, ಅದರ ಬಾಯೊಳಕ್ಕೆ ಕಡ್ಡಿಗಳನ್ನು ತೂರಿ, ಹಸನುಮಾಡಿ, ಮೈಮೇಲೆ ಗೆರೆಗೆರೆಯಾಗಿ ಸೀಳಿ, ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಗೆ ಇಳಿಸುವ ತನಕ ಕ್ಯಾಮರಾ ಅವನ ಕೈಗಳನ್ನು ಬಿಟ್ಟು ಅತ್ತಿತ್ತ ಸರಿಯುವುದಿಲ್ಲ. ಮಾತು ಇಲ್ಲವೆಂದೇ ಹೇಳಬೇಕು. ಒಂದಾದ ಮೇಲೊಂದರಂತೆ ಭಕ್ಷ್ಯಗಳು ಸಿದ್ಧವಾಗುತ್ತವೆ. ಬಿದಿರಿನ ತಟ್ಟೆಗಳಿಂದ ಹಬೆ ಏಳುತ್ತದೆ. ತಿನ್ನುವವರು ಮಾತ್ರ ಇನ್ನೂ ಬಂದಿಲ್ಲ. ಅವರು ಬಂದ ಮೇಲಾದರೂ ಏನಾಗುತ್ತದೆ? ಮನಸ್ಸಿನಲ್ಲಿ ಬೇರೆ ಬೇರೆ ಚಿಂತೆಗಳನ್ನಿಟ್ಟುಕೊಂಡ ಹೆಣ್ಣುಮಕ್ಕಳು ಅನ್ನ ಕೆದಕುತ್ತ ಕುಳಿತಿರುತ್ತಾರೆ. ಮಾಡಿ ಬಡಿಸಿದ ಚೂಗೆ ನಾಲಗೆಯ ರುಚಿಯೇ ಹೋಗಿಬಿಟ್ಟಿದೆ. ಆ ಮೇಜಿನ ಸುತ್ತ ಕುಳಿತ ನಾಲ್ವರಿಗಿಂತ ಹೆಚ್ಚು ಹಸಿದವನೆಂದರೆ ಇತ್ತ ಕುಳಿತು ನೋಡುತ್ತಿರುವವನೇ!

ಮೂರನೆಯದು ತಿನ್ನುವವನ ಮುಖ. ‘ದಿ ಲಂಚ್‌ಬಾಕ್ಸ್’ (2013) ಚಿತ್ರದಲ್ಲಿ ಮುಂಬಯಿಯ ಕಚೇರಿಯೊಂದರ ಗುಮಾಸ್ತನಾದ ಇರ್ಫಾನ್ ಖಾನ್, ತಪ್ಪು ವಿಳಾಸಕ್ಕೆ ಬಂದ ಊಟದ ಡಬ್ಬಿಯನ್ನು ಬಿಚ್ಚಿ, ಮೂಗಿನ ಬಳಿಗೆ ತಂದು, ಒಂದು ಕ್ಷಣ ತಡೆಯುತ್ತಾನೆ. ಡಬ್ಬಿಯೊಳಗಿನ ಪಲ್ಯವು ನಮಗೆ ಸರಿಯಾಗಿ ಕಾಣುವುದಕ್ಕೆ ಮೊದಲೇ ಆತನ ಹುಬ್ಬಿನಿಂದ ಅದರ ರುಚಿ ಗೊತ್ತಾಗುತ್ತದೆ. ಇದಕ್ಕೆ ಇನ್ನೂ ಬಲವಾದ ಸಾಕ್ಷಿ ಬೇಕಾದರೆ 1925ರ ‘ದಿ ಗೋಲ್ಡ್ ರಷ್’ ಇದೆ. ಅಲ್ಲಿ ಚಾಪ್ಲಿನ್ ಹಸಿವು ತಾಳಲಾರದೆ ತನ್ನ ಬೂಟನ್ನೇ ಬೇಯಿಸಿ, ಲಾಡಿಯನ್ನು ಶಾವಿಗೆಯಂತೆ ಸುತ್ತಿಕೊಂಡು, ಮೊಳೆಗಳನ್ನು ಎಲುಬಿನಂತೆ ಚೀಪಿ, ಶಿಷ್ಟಾಚಾರಕ್ಕೆ ಲೋಪವಿಲ್ಲದೆ ಊಟ ಮಾಡುತ್ತಾನೆ. ಆ ಬೂಟನ್ನು ಲಿಕೊರಿಸ್ ಎಂಬ ಮಿಠಾಯಿಯಿಂದ ಮಾಡಲಾಗಿತ್ತೆಂಬುದು ಪ್ರಸಿದ್ಧವಾದ ಮಾತು. ನೋಡುವವರಿಗೆ ಅದು ಬೂಟೇ, ಆದರೂ ಬಾಯಿ ಸುಮ್ಮನಿರುವುದಿಲ್ಲ. ಈಗಿನ ಕೆಲವು ಆಹಾರ ಸರಣಿಗಳು ಕರಗುವ ಚೀಸನ್ನು ನಿಧಾನಗತಿಯಲ್ಲಿ ಎಷ್ಟು ಜಗ್ಗಿ ತೋರಿಸಿದರೂ ಹಸಿವೆಬ್ಬಿಸಲಾರದೆ ಕಣ್ಣನ್ನು ದಣಿಸುವುದಕ್ಕೆ ಕಾರಣ, ಅಲ್ಲಿ ಯಾರೂ ಕಾಯುವುದಿಲ್ಲ, ಯಾರೂ ಮನಸಾರೆ ತಿನ್ನುವುದೂ ಇಲ್ಲ ಎಂಬುದೇ ಎಂದು ನನ್ನ ಅಭಿಪ್ರಾಯ.

ಇನ್ನು ನಾಲ್ಕನೆಯದು, ನಮ್ಮ ಕಾರ್ಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು. ಚಲಚ್ಚಿತ್ರಕ್ಕೆ ವಾಸನೆಯಿಲ್ಲ. ಆ ಕೊರತೆಯನ್ನು ನೋಡುವವನು ತನ್ನ ನೆನಪಿನಿಂದಲೇ ತುಂಬಿಕೊಳ್ಳಬೇಕು. ರಾಮೆನ್ ಎಂಬ ಜಪಾನಿ ಶಾವಿಗೆಯ ಸಾರನ್ನು ಎಂದೂ ಮೂಸದ ಹಾಸನದವನು, ತೆರೆಯ ಮೇಲಿನ ಆ ಹಬೆಯಲ್ಲಿ ಮೂಸುವುದು ತನ್ನ ಮನೆಯ ಮೆಣಸಿನ ಸಾರನ್ನೇ. ಆದುದರಿಂದ ಚಿತ್ರವು ಎಬ್ಬಿಸಿದ ಹಸಿವನ್ನು ತಣಿಸಲು ತೆರೆಯ ಮೇಲಿನ ಪದಾರ್ಥವನ್ನೇ ಹುಡುಕಿಕೊಂಡು ಹೋಗಬೇಕಾದ ಅವಶ್ಯಕತೆಯಿಲ್ಲ. ನಿಮ್ಮನ್ನು ಸೆಳೆದದ್ದು ಅದರ ಬಿಸಿಯೋ, ಗರಿಗರಿಯೋ, ಹುಳಿಖಾರವೋ, ಬೆಣ್ಣೆಯ ಜಿಡ್ಡೋ ಎಂಬುದನ್ನು ಗುರುತಿಸಿಕೊಂಡು, ಆ ಗುಣವುಳ್ಳ ನಿಮ್ಮ ಮನೆಯ ಪದಾರ್ಥವೊಂದನ್ನು ಸಿದ್ಧವಾಗಿಟ್ಟುಕೊಂಡರೆ ಸಾಕು. ಮುಂದಿನ ಸೂಚನೆಗಳೆಲ್ಲ ಇದನ್ನೇ ಆಧರಿಸಿವೆ.

ಅನುಸರಿಸತಕ್ಕ ಕ್ರಮ

1. ವೇಳೆಯನ್ನು ಊಟಕ್ಕೆ ಹೊಂದಿಸಿರಿ. ಇಂಥ ಚಿತ್ರವನ್ನು ಊಟವಾದ ಮೇಲೆ ನೋಡುವ ರೂಢಿಯನ್ನು ಬಿಟ್ಟು, ಊಟದ ಹೊತ್ತಿಗೆ ಮುಗಿಯುವಂತೆ ಆರಂಭಿಸುವುದು ಲೇಸು. ‘ಲಂಚ್‌ಬಾಕ್ಸ್’, ‘ಬ್ಯಾಬೆಟ್ಸ್ ಫೀಸ್ಟ್’, ‘ರ‍್ಯಾಟಟೂಯಿ’ ಮೊದಲಾದವು ಎರಡು ಗಂಟೆಗೆ ಮೀರುವುದಿಲ್ಲ. ಸಂಜೆ ಆರಕ್ಕೆ ಕುಳಿತರೆ ಎಂಟರೊಳಗೆ ಎಲೆಯ ಮುಂದೆ ಇರಬಹುದು. 1957ರ ‘ಮಾಯಾಬಜಾರ್’ ಮಾತ್ರ ಮೂರು ಗಂಟೆಯ ಚಿತ್ರ. ಅದನ್ನು ಭಾನುವಾರದ ಬೆಳಗಿಗೆ ಇಟ್ಟುಕೊಳ್ಳಿರಿ. ಮದುವೆಗೆಂದು ಮಾಡಿಟ್ಟ ಅಡಿಗೆಯ ನಡುವೆ ಒಬ್ಬನೇ ಕುಳಿತ ಎಸ್.ವಿ. ರಂಗರಾವ್ ಅವರ ಘಟೋತ್ಕಚನು, ಲಡ್ಡುಗಳು ತಾವಾಗಿಯೇ ಎದ್ದುಬಂದು ಬಾಯಿ ಸೇರುತ್ತಿರಲು, ಇಡೀ ಮದುವೆಯೂಟವನ್ನು ಬರಿದುಮಾಡುವ ಆ ಹಾಡನ್ನು ನೋಡಿದ ಮೇಲೆ ಮಧ್ಯಾಹ್ನದ ಊಟವು ಬಹು ದೂರವಿರಬಾರದು.

2. ಅರೆಹೊಟ್ಟೆಯಲ್ಲಿ ಕುಳಿತುಕೊಳ್ಳಿರಿ. ತೀರ ಹಸಿದವನಿಗೆ ಚಿತ್ರದ ಕಥೆ ಹತ್ತುವುದಿಲ್ಲ. ತೀರ ಉಂಡವನಿಗೆ ಅದರ ಸೊಗಸು ಹತ್ತುವುದಿಲ್ಲ. ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣನ್ನೋ, ಒಂದು ಹಿಡಿ ಹುರಿಗಡಲೆಯನ್ನೋ, ಮೊಸರವಲಕ್ಕಿಯನ್ನೋ ತೆಗೆದುಕೊಂಡಿದ್ದರೆ ಸರಿಹೋಗುತ್ತದೆ.

3. ಮುಕ್ಕಾಲು ಕೆಲಸವನ್ನು ಮೊದಲೇ ಮುಗಿಸಿಡಿರಿ. ಚಿತ್ರ ಮುಗಿದ ಮೇಲೆ ಇಪ್ಪತ್ತು ನಿಮಿಷದೊಳಗೆ ಎಲೆಗೆ ಬೀಳುವಂಥದ್ದನ್ನೇ ಆರಿಸಿಕೊಂಡು, ಹೆಚ್ಚುವುದು, ತುರಿಯುವುದು, ನೆನೆಹಾಕುವುದು, ಬೇಳೆ ಬೇಯಿಸುವುದು ಇವನ್ನೆಲ್ಲ ಮುಂಚೆಯೇ ಪೂರೈಸಿರಬೇಕು. ಕೊನೆಯ ಒಗ್ಗರಣೆಯೊಂದನ್ನು ಮಾತ್ರ ಉಳಿಸಿಕೊಳ್ಳಿರಿ. ಚಿತ್ರವು ಕೊಡಲಾರದೆ ಹೋದ ವಾಸನೆಯನ್ನು ಆ ಒಗ್ಗರಣೆ ಕೊಡುತ್ತದೆ; ಅರ್ಧ ತೃಪ್ತಿ ಅಲ್ಲಿಯೇ ಆಗಿಹೋಗುತ್ತದೆ.

4. ನೋಡುತ್ತಿರುವಾಗ ಕೈಯಲ್ಲಿ ತಿಂಡಿಯ ತಟ್ಟೆ ಬೇಡ. ಗಮನ ಬೇರೆಡೆಯಿರುವಾಗ ಮನುಷ್ಯನು ಎಷ್ಟು ತಿಂದನೆಂಬ ಲೆಕ್ಕ ಅವನಿಗೇ ಉಳಿಯುವುದಿಲ್ಲ. ಅಲ್ಲದೆ ಚಕ್ಕುಲಿ ಕಡಿಯುವ ಸದ್ದಿನಲ್ಲಿ ಚಿತ್ರದ ಸೂಕ್ಷ್ಮ ಶಬ್ದಗಳೆಲ್ಲ ಮುಳುಗಿಹೋಗುತ್ತವೆ. ಜೂಜೊ ಇಟಾಮಿಯ ‘ಟ್ಯಾಂಪೊಪೊ’ (1985) ಆರಂಭವಾಗುವುದೇ ಚಿತ್ರಮಂದಿರದಲ್ಲಿ. ಬಿಳಿಯ ಸೂಟು ತೊಟ್ಟ ರೌಡಿಯೊಬ್ಬನು ನಮ್ಮ ಕಡೆಗೇ ಮುಖಮಾಡಿ, ಸಿನೆಮಾದಲ್ಲಿ ಪೊಟ್ಟಣಗಳ ಸದ್ದನ್ನು ಸಹಿಸೆನೆಂದು ಹೇಳಿ, ಹಿಂದೆ ಕುಳಿತು ಕುರುಕುರು ತಿನ್ನುತ್ತಿದ್ದವನನ್ನು ಹೋಗಿ ಬೆದರಿಸಿ ಬರುತ್ತಾನೆ. ಆತನ ಕ್ರಮ ಒರಟಾದರೂ ಅಭಿಪ್ರಾಯ ಸಾಧುವಾದದ್ದು. ಬಾಯಾರಿದರೆ ನೀರುಮಜ್ಜಿಗೆ ಇರಲಿ.

ಯಾವ ಚಿತ್ರಕ್ಕೆ ಯಾವ ಎಲೆ

‘ಟ್ಯಾಂಪೊಪೊ’ವಿನಲ್ಲಿ ರಾಮೆನ್ ತಿನ್ನುವುದನ್ನು ವೃದ್ಧನೊಬ್ಬನು ಯುವಕನಿಗೆ ಉಪದೇಶಿಸುವ ಪ್ರಸಂಗವುಂಟು: ಮೊದಲು ಬೋಗುಣಿಯನ್ನು ಒಟ್ಟಾಗಿ ನೋಡಬೇಕು, ಹಬೆಯನ್ನು ಆಘ್ರಾಣಿಸಬೇಕು, ಕಡ್ಡಿಯ ತುದಿಯಿಂದ ಮೇಲ್ಮೈಯನ್ನು ಮೃದುವಾಗಿ ಸವರಬೇಕು, ಮಾಂಸದ ತುಂಡನ್ನು ಪಕ್ಕಕ್ಕೆ ಸರಿಸಿ ಅದರ ಕ್ಷಮೆಯನ್ನೂ ಕೇಳಬೇಕು! ಈ ಚಿತ್ರಕ್ಕೆ ಬೇಕಾದದ್ದು ಸುಡುವ ಸಾರು. ಮೆಣಸು ಜೀರಿಗೆ ಕುಟ್ಟಿಹಾಕಿದ ತೆಳ್ಳನೆಯ ಬೇಳೆಕಟ್ಟಿನ ಸಾರಿಗೆ, ಬೇಯಿಸಿ ಬಸಿದ ಅಕ್ಕಿಶಾವಿಗೆಯನ್ನು ಬಡಿಸುವ ಕ್ಷಣದಲ್ಲಿ ಸೇರಿಸಿ, ಮೇಲೆ ತುಪ್ಪದ ಒಗ್ಗರಣೆ ಹಾಕಿರಿ. ಅಗಲವಾದ ಬಟ್ಟಲಿನಲ್ಲಿಯೇ ಕೊಡಬೇಕು. ಹಬೆ ಮುಖಕ್ಕೆ ಬಡಿಯಬೇಕಾದುದು ಇಲ್ಲಿ ಮುಖ್ಯ.

‘ಲಂಚ್‌ಬಾಕ್ಸ್’ಗೆ ಚಪಾತಿಯೂ ಬದನೆಕಾಯಿಯ ಎಣ್ಣೆಗಾಯಿಯೂ ಸಾಕು, ಮಹಡಿಯ ಮೇಲಿನ ಮನೆಯಿಂದ ದನಿ ಮಾತ್ರ ಕೇಳಿಸುವ, ಬುಟ್ಟಿಯಲ್ಲಿ ಮಸಾಲೆ ಇಳಿಬಿಡುವ ಆ ದೇಶಪಾಂಡೆ ಆಂಟಿಗೂ ಇದು ಒಪ್ಪಿಗೆಯಾಗುತ್ತಿತ್ತು. ಮಲಯಾಳದ ‘ಸಾಲ್ಟ್ ಅಂಡ್ ಪೆಪ್ಪರ್’ (2011) ಚಿತ್ರವನ್ನು ಪ್ರಕಾಶ್ ರೈ 2014ರಲ್ಲಿ ಕನ್ನಡಕ್ಕೆ ‘ಒಗ್ಗರಣೆ’ಯಾಗಿ ತಂದರಷ್ಟೆ, ಅದರ ಕಥೆಯು ದೋಸೆಗಾಗಿ ಮಾಡಿದ ಒಂದು ತಪ್ಪು ದೂರವಾಣಿ ಕರೆಯಿಂದ ಹುಟ್ಟುವುದರಿಂದ, ಹಿಂದಿನ ರಾತ್ರಿಯೇ ಹಿಟ್ಟು ಹುದುಗಿಗೆ ಬಿಡದೆ ಆ ಚಿತ್ರಕ್ಕೆ ಕುಳಿತುಕೊಳ್ಳುವುದು ಸಾಹಸ. ಸತ್ಯಜಿತ್ ರಾಯ್ ಅವರ ‘ಗೂಪಿ ಗೈನ್ ಬಾಘಾ ಬೈನ್’ (1969) ಮಕ್ಕಳೊಡನೆ ನೋಡಲು ಯೋಗ್ಯವಾದುದು. ಯುದ್ಧಕ್ಕೆ ಹೊರಟ ಹಸಿದ ಸೈನಿಕರ ಮುಂದೆ ಆಕಾಶದಿಂದ ಮಿಠಾಯಿಯ ಮಡಕೆಗಳು ಇಳಿದು ಯುದ್ಧವೇ ನಿಂತುಹೋಗುವ ಆ ಪ್ರಸಂಗಕ್ಕೆ ಮುಂಚೆಯೇ ಮಕ್ಕಳ ಪಾಲಿನ ರಸಗುಲ್ಲವನ್ನು ಎಣಿಸಿಟ್ಟಿರಿ. ಆಮೇಲೆ ಎಣಿಕೆಗೆ ಅವಕಾಶವಿರುವುದಿಲ್ಲ.

ಗೇಬ್ರಿಯಲ್ ಆಕ್ಸೆಲನ ‘ಬ್ಯಾಬೆಟ್ಸ್ ಫೀಸ್ಟ್’ (1987) ಮಾತ್ರ ಈ ಕ್ರಮಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಡೆನ್ಮಾರ್ಕಿನ ಕಡಲತಡಿಯ ಹಳ್ಳಿಯೊಂದರಲ್ಲಿ, ಒಣಮೀನಿನ ಗಂಜಿಯಂಥ ಆಹಾರದಿಂದಲೇ ಬದುಕು ಸವೆಸಿದ ಕಟ್ಟುನಿಟ್ಟಿನ ಭಕ್ತರಿಗೆ, ಪ್ಯಾರಿಸಿನಿಂದ ಓಡಿಬಂದು ಅಡಿಗೆಯವಳಾಗಿದ್ದ ಬ್ಯಾಬೆಟ್ ತನಗೆ ಲಾಟರಿಯಲ್ಲಿ ಬಂದ ಹತ್ತು ಸಾವಿರ ಫ್ರಾಂಕುಗಳನ್ನೂ ಸುರಿದು ಒಂದೇ ಒಂದು ರಾತ್ರಿಯ ಔತಣವನ್ನು ಮಾಡಿ ಬಡಿಸುತ್ತಾಳೆ. ಊಟದ ವಿಷಯವಾಗಿ ಒಂದು ಮಾತನ್ನೂ ಆಡಕೂಡದೆಂದು ಅತಿಥಿಗಳು ತಮ್ಮತಮ್ಮಲ್ಲಿ ಒಪ್ಪಂದ ಮಾಡಿಕೊಂಡಿರುತ್ತಾರೆ. ಬಾಯಿ ಹೇಳದ್ದನ್ನು ಕೆನ್ನೆಗಳು ಹೇಳಿಬಿಡುತ್ತವೆ. ಆಮೆಯ ಸೂಪು, ಹಿಟ್ಟಿನ ಗೂಡಿನೊಳಗೆ ಬೇಯಿಸಿದ ಲಾವುಗೆ, ಇವಕ್ಕೆ ನಮ್ಮಲ್ಲಿ ಸಮಾನವಾದುದನ್ನು ಹುಡುಕುವುದು ವ್ಯರ್ಥಶ್ರಮ. ಹುಡುಕಬೇಕಾದುದು ಆ ಸಾವಕಾಶವನ್ನು: ಸಾಮಾನ್ಯವಾದ ಅಡಿಗೆಯನ್ನೇ ಒಂದೊಂದಾಗಿ, ನಡುವೆ ಬಿಡುವು ಕೊಟ್ಟು, ಕೋಸಂಬರಿಯಿಂದ ಪಾಯಸದವರೆಗೆ ಬಡಿಸಿರಿ. ಒಂದು ಗಂಟೆ ಹಿಡಿದರೆ ಹಿಡಿಯಲಿ.

ಚಿತ್ರ ಮುಗಿದ ಕೂಡಲೇ ಮಾಡಬಹುದಾದುದೊಂದು

ತೆರೆಯ ಮೇಲೆ ಕಂಡದ್ದನ್ನೇ ಮಾಡಬೇಕೆಂದು ಹಟವಿದ್ದವರಿಗೆ, ಜಾನ್ ಫಾವ್ರೊ ನಿರ್ದೇಶಿಸಿ ನಟಿಸಿದ ‘ಶೆಫ್’ (2014) ಚಿತ್ರದಲ್ಲಿ ನಾಯಕನು ರಾತ್ರಿಯ ಹೊತ್ತು ಗೆಳತಿಗಾಗಿ ಮಾಡುವ ಬೆಳ್ಳುಳ್ಳಿಯ ಸ್ಪಗೆಟ್ಟಿಯನ್ನು ಸೂಚಿಸುವೆನು. ನಮ್ಮ ಅಡುಗೆಮನೆಗೆ ಇದು ಪರಕೀಯವಲ್ಲ. ತಾತ್ಪರ್ಯದಲ್ಲಿ ಇದೂ ಒಂದು ಒಗ್ಗರಣೆಯೇ.

ಇಬ್ಬರಿಗೆ 200 ಗ್ರಾಂ ಸ್ಪಗೆಟ್ಟಿ ಬೇಕು. ಎರಡು ಲೀಟರ್ ಕುದಿಯುವ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ, ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಒಂದು ನಿಮಿಷ ಕಡಿಮೆ ಬೇಯಿಸಿರಿ. ಇತ್ತ ಬಾಣಲೆಯಲ್ಲಿ ನಾಲ್ಕು ದೊಡ್ಡ ಚಮಚ ಆಲಿವ್ ಎಣ್ಣೆಯನ್ನು ಹಾಕಿ, ಅದು ಕಾಯುವುದಕ್ಕೆ ಮೊದಲೇ ತೆಳ್ಳಗೆ ಹೆಚ್ಚಿದ ಆರೇಳು ಬೆಳ್ಳುಳ್ಳಿ ಎಸಳುಗಳನ್ನು ಬಿಟ್ಟು, ಉರಿಯನ್ನು ಸಣ್ಣಗಿಡಿರಿ. ನಮ್ಮ ಒಗ್ಗರಣೆಗೂ ಇದಕ್ಕೂ ವ್ಯತ್ಯಾಸವಿರುವುದು ಇಲ್ಲಿಯೇ: ಸಾಸಿವೆ ಸಿಡಿಯಲು ಎಣ್ಣೆ ಕಾದಿರಬೇಕು, ಇಲ್ಲಿ ಎಣ್ಣೆಯೊಡನೆ ಬೆಳ್ಳುಳ್ಳಿಯೂ ಮೆಲ್ಲಗೆ ಕಾದರೆ ಅದರ ಪರಿಮಳವೆಲ್ಲ ಎಣ್ಣೆಗೆ ಇಳಿಯುತ್ತದೆ. ಒಣಹುಲ್ಲಿನ ಬಣ್ಣ ಬಂದೊಡನೆ ಮುರಿದ ಎರಡು ಬ್ಯಾಡಗಿ ಮೆಣಸಿನಕಾಯಿ ಹಾಕಿ, ಸ್ಪಗೆಟ್ಟಿ ಬೆಂದ ನೀರನ್ನೇ ಒಂದು ಸೌಟು ಸುರಿಯಿರಿ. ಕಂದುಬಣ್ಣಕ್ಕೆ ತಿರುಗುವ ತನಕ ಕಾದರೆ ಬೆಳ್ಳುಳ್ಳಿ ಕಹಿಯಾಗುವುದು ಖಂಡಿತ. ಆ ನೀರಿನಲ್ಲಿರುವ ಗಂಜಿಯೇ ಎಣ್ಣೆಯನ್ನೂ ನೀರನ್ನೂ ಕೂಡಿಸಿ ಎಳೆಎಳೆಗೂ ಅಂಟಿಸುವುದರಿಂದ ಅದನ್ನು ಎಂದಿಗೂ ಪೂರ್ತಿ ಚೆಲ್ಲಬಾರದು. ಸ್ಪಗೆಟ್ಟಿಯನ್ನು ಸೇರಿಸಿ ಒಂದು ನಿಮಿಷ ಹೊರಳಿಸಿ, ಇಳಿಸಿದ ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿರಿ. ಪಾರ್ಸ್ಲಿ ಸೊಪ್ಪು ಸಿಕ್ಕದಿದ್ದರೆ ಕೊತ್ತಂಬರಿ ನಡೆಯುತ್ತದೆ. ರುಚಿ ಬೇರೆಯಾಗುತ್ತದೆ, ಕೆಡುವುದಿಲ್ಲ.

ಮೊಟ್ಟೆ ತಿನ್ನುವವರಿಗೆ ‘ಬಿಗ್ ನೈಟ್’ (1996) ಚಿತ್ರದ ಕೊನೆಯ ದೃಶ್ಯ ಇನ್ನೂ ಸುಲಭವಾದ ದಾರಿಯನ್ನು ತೋರಿಸುತ್ತದೆ. ಬಾರದೆ ಹೋದ ಅತಿಥಿಗಾಗಿ ಇಡೀ ರಾತ್ರಿ ಔತಣ ನಡೆಸಿ, ಜಗಳವಾಡಿ, ಸೋತ ಸೋದರರಲ್ಲಿ ಕಿರಿಯನು ಬೆಳಗ್ಗೆ ಅಡುಗೆಮನೆಗೆ ಬಂದು ಮೊಟ್ಟೆ ಒಡೆದು, ಕಲಕಿ, ಬೇಯಿಸಿ, ಮೂರು ಪಾಲು ಮಾಡುತ್ತಾನೆ. ಹೆಚ್ಚುಕಡಮೆ ಮಾತೇ ಇಲ್ಲದ ಆ ಕೆಲವು ನಿಮಿಷಗಳನ್ನು ಕ್ಯಾಮರಾ ನಿಂತಲ್ಲಿಂದ ಅಲುಗದೆ ನೋಡುತ್ತದೆ. ಅದೇ ಚಿತ್ರದಲ್ಲಿ ಅದಕ್ಕೆ ಮುಂಚೆ ಬರುವ ಟಿಂಪಾನೊ ಎಂಬ ಮಹಾಭಕ್ಷ್ಯಕ್ಕಿಂತ ಈ ಬಡ ಆಮ್ಲೆಟ್ಟೇ ಹೆಚ್ಚು ಹಸಿವನ್ನೆಬ್ಬಿಸುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯದು, ಚಿತ್ರದ ನಡುವೆಯೇ ಮೊಬೈಲ್ ತೆಗೆದು ಹೋಟೆಲಿನಿಂದ ತರಿಸುವುದು. ಮುಕ್ಕಾಲು ಗಂಟೆಯ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವೆತು ಬಂದ ಪದಾರ್ಥಕ್ಕೆ ತೆರೆಯ ಮೇಲೆ ಕಂಡ ಬಿಸಿಯೂ ಇರುವುದಿಲ್ಲ, ಗರಿಯೂ ಇರುವುದಿಲ್ಲ; ಬಾಗಿಲ ಗಂಟೆ ಬಾರಿಸುವುದಂತೂ ತಪ್ಪದೆ ಚಿತ್ರದ ಅತ್ಯುತ್ತಮ ಭಾಗದಲ್ಲಿಯೇ. ಎರಡನೆಯದು, ಟಿಂಪಾನೊದಂಥ ದೊಡ್ಡ ಭಕ್ಷ್ಯವನ್ನು ಅದೇ ರಾತ್ರಿ ಮಾಡಲು ಹೊರಡುವುದು. ಪಾಸ್ತಾ, ಮಾಂಸದುಂಡೆ, ಮೊಟ್ಟೆ, ಚೀಸುಗಳನ್ನು ಹಿಟ್ಟಿನ ಹಾಳೆಯೊಳಗೆ ತುಂಬಿ ಡೋಲಿನಾಕಾರದಲ್ಲಿ ಬೇಯಿಸುವ ಆ ಕೆಲಸಕ್ಕೆ ಒಂದು ಹಗಲೇ ಬೇಕು. ಮೂರನೆಯದು, ಒಂದೇ ಸಂಜೆ ಇಂಥ ಎರಡು ಚಿತ್ರಗಳನ್ನು ನೋಡುವುದು; ಎರಡನೆಯದರ ಹೊತ್ತಿಗೆ ಶರೀರವು ಕೇಳುವುದನ್ನು ನಿಲ್ಲಿಸಿಬಿಟ್ಟಿರುತ್ತದೆ. ನಾಲ್ಕನೆಯದು, ‘ಆಹಾರದ ಚಿತ್ರ’ವೆಂದು ಹೆಸರು ಪಡೆದವನ್ನು ಮಾತ್ರವೇ ಅಪಾಯಕಾರಿಯೆಂದು ತಿಳಿಯುವುದು. ಹಯಾವೊ ಮಿಯಾಜಾಕಿಯ ‘ಪೊನ್ಯೊ’ದಲ್ಲಿ ಬಿಸಿನೀರು ಸುರಿದು ಮುಚ್ಚಳ ಮುಚ್ಚಿದ ನೂಡಲ್ಸ್ ಬಟ್ಟಲಿಗಾಗಿ ಇಬ್ಬರು ಮಕ್ಕಳು ಕಾಯುವ ಚಿಕ್ಕ ಪ್ರಸಂಗವೊಂದಿದೆ. ಆ ಚಿತ್ರ ಸಮುದ್ರದ್ದು. ಆದರೆ ನೋಡಿದ ಮನೆಯಲ್ಲಿ ಅಂದು ರಾತ್ರಿ ನೂಡಲ್ಸ್ ಆಗದೆ ತೀರುವುದಿಲ್ಲ.

ಎಚ್ಚರಿಕೆಗಳು

ಮಧುಮೇಹವುಳ್ಳವರೂ, ಇನ್ಸುಲಿನ್ ಮೊದಲಾದ ಔಷಧಗಳನ್ನು ಊಟದ ವೇಳೆಗೆ ಹೊಂದಿಸಿ ತೆಗೆದುಕೊಳ್ಳುವವರೂ ಮೇಲಿನ ವೇಳಾಪಟ್ಟಿಯನ್ನು ಅನುಸರಿಸದೆ ವೈದ್ಯರು ಹೇಳಿದ ಹೊತ್ತಿಗೇ ಉಣ್ಣತಕ್ಕದ್ದು. ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿ ಎದ್ದರೆ ಯಾವ ನಷ್ಟವೂ ಇಲ್ಲ. ಉಪವಾಸದ ದಿನ ಈ ಚಿತ್ರಗಳ ತಂಟೆಗೆ ಹೋಗದಿರುವುದು ಕ್ಷೇಮ.

ಶಾಕಾಹಾರಿಗಳು ಒಂದು ವಿಷಯವನ್ನು ಮುಂಚೆಯೇ ತಿಳಿದಿರಬೇಕು. ಈ ಬಗೆಯ ಚಿತ್ರಗಳಲ್ಲಿ ಬಹುಪಾಲು ಮಾಂಸಾಹಾರದವು. ‘ಈಟ್ ಡ್ರಿಂಕ್ ಮ್ಯಾನ್ ವುಮನ್’ ಮೀನನ್ನು ಕೊಲ್ಲುವುದರಿಂದಲೇ ಆರಂಭವಾಗುತ್ತದೆ, ‘ಬ್ಯಾಬೆಟ್ಸ್ ಫೀಸ್ಟ್’ನಲ್ಲಿ ಜೀವಂತ ಆಮೆಯೂ ಲಾವುಗೆಗಳೂ ಅಡುಗೆಮನೆಗೆ ಬರುತ್ತವೆ. ‘ಟ್ಯಾಂಪೊಪೊ’ವಿನಲ್ಲಿ ಆಮೆಯೊಂದನ್ನು ಕ್ಯಾಮರಾದ ಮುಂದೆಯೇ ಕೊಯ್ಯುವ ದೃಶ್ಯವೂ, ಆಹಾರವನ್ನು ಶೃಂಗಾರಕ್ಕೆ ಬಳಸುವ ಕೆಲವು ಪ್ರಸಂಗಗಳೂ ಇರುವುದರಿಂದ ಅದನ್ನು ಮಕ್ಕಳನ್ನು ಮಲಗಿಸಿದ ಮೇಲೆಯೇ ನೋಡಬೇಕು. ಅಂಥ ರಾತ್ರಿ ಮೊದಲನೆಯ ಸೂಚನೆಯನ್ನು ಪಾಲಿಸಲಾಗದು. ಆಗ ಸಾರನ್ನು ಫ್ಲಾಸ್ಕಿನಲ್ಲಿ ತುಂಬಿಟ್ಟುಕೊಂಡು, ರಾತ್ರಿಯ ಊಟದಲ್ಲಿಯೇ ಒಂದು ಹಿಡಿ ಕಡಿಮೆ ಉಣ್ಣುವುದು ಉಪಾಯ. ಎಲ್ಲ ವಯಸ್ಸಿನವರೂ, ಎಲ್ಲ ಆಹಾರಪದ್ಧತಿಯವರೂ ಸಂಕೋಚವಿಲ್ಲದೆ ಒಟ್ಟಿಗೆ ಕುಳಿತು ನೋಡಬಹುದಾದದ್ದು ‘ರ‍್ಯಾಟಟೂಯಿ’ (2007). ಅಲ್ಲಿಯ ಕಠೋರ ವಿಮರ್ಶಕನನ್ನು ಬಾಲ್ಯಕ್ಕೆ ಎಳೆದೊಯ್ಯುವ ಭಕ್ಷ್ಯವು ಬದನೆ, ಟೊಮ್ಯಾಟೊ ಮೊದಲಾದ ಶುದ್ಧ ತರಕಾರಿಯದು.

ಕೊನೆಯದಾಗಿ, ಒಲೆಯ ಮೇಲೆ ಏನನ್ನಾದರೂ ಇಟ್ಟು ಚಿತ್ರದ ಮುಂದೆ ಕುಳಿತುಕೊಳ್ಳಬೇಡಿರಿ. ತೆರೆಯ ಮೇಲಿನ ಕುದಿತದ ಸದ್ದಿಗೂ ನಿಮ್ಮ ಅಡುಗೆಮನೆಯ ಕುದಿತದ ಸದ್ದಿಗೂ ಭೇದ ತಿಳಿಯದಷ್ಟು ಈ ಚಿತ್ರಗಳ ಧ್ವನಿ ಚೆನ್ನಾಗಿರುತ್ತದೆ; ಭೇದ ತಿಳಿಯುವುದು ತಳ ಹಿಡಿದ ವಾಸನೆ ಬಂದ ಮೇಲೆಯೇ.